ಕಾಗದ ತೂರದ ಸಂದಿಯಲ್ಲಿ ಎರಡು ಆನೆ

ಬೇಲೂರಿನ ಚೆನ್ನಕೇಶವ ದೇಗುಲದ ಅಂಗಳದಲ್ಲಿ 42 ಅಡಿ ಎತ್ತರದ ಕಲ್ಲುಕಂಬವೊಂದು ಬುನಾದಿಯಿಲ್ಲದೆ ಜಗಲಿಯ ಮೇಲೆ ನಿಂತಿದೆ. ಅದರ ಬುಡದಲ್ಲಿ ಗೈಡ್‌ಗಳು ಕಾಗದ ತೂರಿಸಿ ತೋರಿಸುತ್ತಾರೆ, ನೋಡಿದವರು ಬಾಯಿ ಬಿಡುತ್ತಾರೆ. ಬಿಡಲಿ, ತಪ್ಪಿಲ್ಲ. ಆದರೆ ಆ ಕಾಗದವೂ ತೂರದಂಥ ಸಂದಿಯೊಂದು ಹಾಸನ ಜಿಲ್ಲೆಯ ಪ್ರತಿ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿದೆ. ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ತಲೆಕೂದಲು 0.07. ಎಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಕ್ರ್ಯಾಂಕ್ ಶಾಫ್ಟಿಗೂ ಅದನ್ನು ಅಪ್ಪಿಕೊಂಡ ಬೇರಿಂಗಿಗೂ ನಡುವೆ ಮೆಕ್ಯಾನಿಕ್ ಉಳಿಸುವ ಜಾಗ ಹೆಚ್ಚುಕಡಿಮೆ 0.06!

ಅಷ್ಟು ಜಾಗವನ್ನು ಅಳೆಯುವುದಾದರೂ ಹೇಗೆ? ಪ್ಲಾಸ್ಟಿಗೇಜ್ ಎಂಬ ದಾರದಂಥ ಒಂದು ತುಂಡು ಸಾಕು. ಎಣ್ಣೆ ಒರೆಸಿದ ಶಾಫ್ಟಿನ ಮೇಲೆ ಅದನ್ನು ಉದ್ದಕ್ಕೆ ಇಟ್ಟು, ಕ್ಯಾಪ್ ಮುಚ್ಚಿ, ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟೇ ಬಿಗಿದು, ಶಾಫ್ಟ್ ಕೂದಲೆಳೆಯಷ್ಟೂ ತಿರುಗದಂತೆ ಮತ್ತೆ ಬಿಚ್ಚಬೇಕು. ದಾರ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಅದರ ಅಗಲವನ್ನು ಪೊಟ್ಟಣದ ಮೇಲೆ ಅಚ್ಚಾದ ಗೆರೆಗಳ ಪಕ್ಕ ಹಿಡಿದರೆ ಮೈಕ್ರಾನುಗಳಲ್ಲಿ ಉತ್ತರ ಸಿಗುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಗ್ರೀಸು ಮೆತ್ತಿದ ಕೈಯಲ್ಲಿ, ಶೆಡ್ಡಿನ ಬಲ್ಬಿನ ಬೆಳಕಲ್ಲಿ ಮೈಕ್ರಾನ್ ಓದುವವರು ನಮ್ಮ ನಡುವೆ ಇದ್ದಾರೆ, ನಾವು ಅವರ ಹತ್ತಿರ ಸಂಜೆಯೊಳಗೆ ಗಾಡಿ ಕೊಡಿ ಎಂದು ಜಗಳ ಕಾಯುತ್ತೇವೆ.

ಈಗ ತೂಕಕ್ಕೆ ಬನ್ನಿ. 100 ಮಿಲಿಮೀಟರ್ ಬೋರಿನ ಸಿಲಿಂಡರಿನಲ್ಲಿ ಡೀಸೆಲ್ ಉರಿದು ಒತ್ತಡ 100 ಬಾರ್ ಮುಟ್ಟಿತೆನ್ನಿ. ಆ ಕ್ಷಣ ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಭಾರ 8 ಟನ್. ಆಲೂರು, ಸಕಲೇಶಪುರದ ಕಡೆಯವರಿಗೆ ಆನೆಯ ಗಾತ್ರ ಹೇಳಿಕೊಡಬೇಕಿಲ್ಲ. 4 ಟನ್ನಿನ ಎರಡು ಆನೆ ಒಟ್ಟಿಗೆ ಹಾರಿ ಕೂತ ಲೆಕ್ಕ ಇದು. ಒಮ್ಮೆ ಕೂತು ಎದ್ದು ಹೋದರೆ ಸಹಿಸಬಹುದಿತ್ತು. ನಿಮಿಷಕ್ಕೆ 2,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಅವು ನಿಮಿಷಕ್ಕೆ ಸಾವಿರ ಸಲ ಬಂದು ಕೂರುತ್ತವೆ! ಆ ಭಾರ ಬೇರಿಂಗಿಗೆ ಇಳಿದಾಗ ಆನೆಗಳನ್ನು ಹೊತ್ತು ನಿಲ್ಲುವುದು ಉಕ್ಕಲ್ಲ, ಸಂದಿಯ ಎಣ್ಣೆ. ಅದರ ಪದರ ಏಟು ಬಿದ್ದ ಕಡೆ ಒಂದೆರಡು ಮೈಕ್ರಾನಿಗೆ ಇಳಿದಿರುತ್ತದೆ, ಅಂದರೆ ಕೂದಲಿನ ಮೂವತ್ತನೇ ಒಂದು ಪಾಲಿಗಿಂತ ತೆಳು.

ಆ ಎಂಜಿನ್ 8,000 ಗಂಟೆ ದುಡಿಯಿತೆಂದುಕೊಳ್ಳಿ. ಮೂರು ಸಿಲಿಂಡರುಗಳಲ್ಲಿ ಬಿದ್ದ ಏಟು ಒಟ್ಟು 144 ಕೋಟಿ: ಭಾರತದ ಹೆಚ್ಚುಕಡಿಮೆ ಪ್ರತಿಯೊಬ್ಬ ಪ್ರಜೆಯ ಹೆಸರಲ್ಲಿ ಒಂದೊಂದು. ಶಾಫ್ಟ್ ಸುತ್ತಿದ್ದು 96 ಕೋಟಿ ಸಲ. ದಿನಕ್ಕೊಂದು ಸುತ್ತು ಹಾಕುವ ನಮ್ಮ ಭೂಮಿ ಅಷ್ಟು ತಿರುಗಲು 26 ಲಕ್ಷ ವರ್ಷ ಬೇಕು. ಇಥಿಯೋಪಿಯಾದ ಗೋನಾದಲ್ಲಿ ಸಿಕ್ಕ ಕಲ್ಲಿನ ಸಲಕರಣೆಗಳಿಗೆ ಸರಿಸುಮಾರು ಅಷ್ಟೇ ವಯಸ್ಸು. ಮನುಷ್ಯನ ಪೂರ್ವಿಕರು ಆ ಕಲ್ಲು ಕೆತ್ತಿದಾಗಿನಿಂದ ಇಂದಿನವರೆಗೆ ಭೂಮಿ ತಿರುಗಿದ್ದಷ್ಟನ್ನು ಆಲೂಗಡ್ಡೆ ಹೊಲ ಉಳುವ ಟ್ರ್ಯಾಕ್ಟರ್ ಕೆಲವೇ ವರ್ಷಗಳಲ್ಲಿ ತಿರುಗಿ ಮುಗಿಸುತ್ತದೆ.

ದೂರದ ಲೆಕ್ಕ ಇನ್ನೂ ಮಜವಾಗಿದೆ. 75 ಮಿಲಿಮೀಟರ್ ದಪ್ಪದ ಶಾಫ್ಟಿನ ಮೈ ಬೇರಿಂಗಿನೊಳಗೆ ಜಾರುವ ವೇಗ ಗಂಟೆಗೆ 28 ಕಿಲೋಮೀಟರ್. ಹಾಸನದಿಂದ ಅರಕಲಗೂಡಿಗೆ ಒಂದು ಗಂಟೆ ಚಿಲ್ಲರೆ, ಹೊಳೆನರಸೀಪುರಕ್ಕೆ ಇನ್ನೊಂದಿಷ್ಟು ನಿಮಿಷ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಕೇಂದ್ರ ಕಾವಲು ಕಾಯುವ ಉಪಗ್ರಹಗಳು 36,000 ಕಿಲೋಮೀಟರ್ ಮೇಲಿವೆ. ದಿನಕ್ಕೆ 8 ಗಂಟೆಯಂತೆ ದುಡಿದರೂ 160 ದಿನದೊಳಗೆ ಶಾಫ್ಟ್ ಅಷ್ಟು ದೂರ ಜಾರಿರುತ್ತದೆ. 8,000 ಗಂಟೆ ಮುಗಿಯುವ ಹೊತ್ತಿಗೆ 2,26,000 ಕಿಲೋಮೀಟರ್: ಭೂಮಿಗೆ ಐದೂವರೆ ಪ್ರದಕ್ಷಿಣೆ. ಅಷ್ಟೂ ದೂರ ಆನೆಗಳು ಮೇಲೆ ಬಂದು ಕೂರುತ್ತಲೇ ಇರುತ್ತವೆ.

ಇದನ್ನೆಲ್ಲ ಕಣ್ಣಿಗೆ ಕಾಣುವಷ್ಟು ಹಿಗ್ಗಿಸೋಣ. ಶಾಫ್ಟಿನ ವ್ಯಾಸವನ್ನು ಹಾಸನದಿಂದ ಚನ್ನರಾಯಪಟ್ಟಣದವರೆಗೆ, ಸುಮಾರು 37 ಕಿಲೋಮೀಟರ್ ಎಳೆದರೆ ಬೇರಿಂಗಿನ ಜಾಗ ಬರೀ 30 ಮೀಟರ್ ಆಗುತ್ತದೆ. ಎಣ್ಣೆಯ ಪದರ ಸೊಂಟದೆತ್ತರ ಕೂಡ ಬರುವುದು ಕಷ್ಟ. ಅದರೊಳಗೆ ಒಂದು ಮಣ್ಣಿನ ಕಣ ಸೇರಿತೆನ್ನಿ, ಬರಿಗಣ್ಣಿಗೆ ಕಾಣದ 20 ಮೈಕ್ರಾನಿನದು. 2 ಮೈಕ್ರಾನಿನ ಪದರದಲ್ಲಿ ಅದು ಆರಡಿ ನೀರಿನ ಕೊಳದ ನಡುವೆ ಶ್ರವಣಬೆಳಗೊಳದ 58 ಅಡಿಯ ಬಾಹುಬಲಿ ನಿಂತಂತೆ. ಎಂಜಿನ್ ಕಟ್ಟುವ ಕಡೆ ಕಸ ಗುಡಿಸಬೇಡಿ ಎಂದು ಹಳೇ ಮೇಸ್ತ್ರಿಗಳು ಸಿಡುಕುವುದು ಸುಮ್ಮನೆಯಲ್ಲ.

ಹಾಸನಕ್ಕೆ ಸಮುದ್ರವಿಲ್ಲ. ಶಿರಾಡಿ ಘಾಟಿ ಇಳಿದು ಮಲ್ಪೆ, ಮಂಗಳೂರಿಗೆ ಹೋದರೆ ಮೀನು ಹಿಡಿಯುವ ದೋಣಿಗಳ ಡೀಸೆಲ್ ಎಂಜಿನ್ನಿಗೂ ಇದೇ ಲೆಕ್ಕ. ಟ್ರ್ಯಾಕ್ಟರ್ ಕೆಟ್ಟರೆ ನಡೆದು ಮನೆ ಸೇರಬಹುದು, ದೋಣಿ ಕೆಟ್ಟರೆ ಆಗದು, ಅಷ್ಟೇ. ಇನ್ನೂ ಆಚೆ, 2006ರಲ್ಲಿ ಕಡಲಿಗಿಳಿದ ಎಮ್ಮಾ ಮಾರ್ಸ್ಕ್ ಎಂಬ ಕಂಟೇನರ್ ಹಡಗಿದೆ. ಅದರ ಎಂಜಿನ್ 14 ಸಿಲಿಂಡರ್, 2,300 ಟನ್, 1,09,000 ಅಶ್ವಶಕ್ತಿ. 40 ಅಶ್ವಶಕ್ತಿಯ 2,725 ಟ್ರ್ಯಾಕ್ಟರುಗಳನ್ನು ಒಟ್ಟುಗೂಡಿಸಬೇಕು ಅದನ್ನು ಸರಿಗಟ್ಟಲು. ಗೊರೂರಿನ ಹೇಮಾವತಿ ಅಣೆಕಟ್ಟೆಯ 4,692 ಮೀಟರ್ ಉದ್ದಕ್ಕೂ ಒಂದಕ್ಕೊಂದು ಮೂತಿ ತಾಗಿಸಿ ಎರಡು ಸಾಲು ನಿಲ್ಲಿಸಿದರೂ ಜಾಗ ಸಾಲುವುದು ಕಷ್ಟ! ಆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಒಂದೇ 300 ಟನ್. 75 ಆನೆಗಳು ಒಂದೇ ಮೈಯಾಗಿ ನಿಮಿಷಕ್ಕೆ 102 ಸುತ್ತು ಹಾಕುತ್ತವೆ, ಆದರೂ ಅವುಗಳ ಬೇರಿಂಗಿನ ಅಂತರವನ್ನು ಮಿಲಿಮೀಟರಿನ ಭಾಗಗಳಲ್ಲೇ ಅಳೆಯುತ್ತಾರೆ.

ನಿಮ್ಮದು 40 ಅಶ್ವಶಕ್ತಿಯದೇ ಇರಲಿ. ಗ್ರೈಂಡಿಂಗ್ ಆಗಿ ಬಂದ ಕ್ರ್ಯಾಂಕನ್ನು ಅಳೆಯದೆ ಕಟ್ಟಲು ಬಿಡಬೇಡಿ. ಪ್ರತಿ ಬೇರಿಂಗಿನ ಅಳತೆಯನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ಮೆಕ್ಯಾನಿಕ್ ಅದಕ್ಕಾಗಿ ಇನ್ನೊಂದು ದಿನ ಕೇಳಿದರೆ ಕೊಡಿ.