ಹೊಗೆ ಹೋದದ್ದೆಲ್ಲಿಗೆ?

1932ರಲ್ಲಿ ಹೈದರಾಬಾದ್ ಸಂಸ್ಥಾನದ ಸರ್ಕಾರವು 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ತಾನೇ ಕೈಗೊಂಡಿತು. ಅಂದು ಆ ಸಂಸ್ಥಾನಕ್ಕೆ ಸೇರಿದ್ದ ಬೀದರ ಜಿಲ್ಲೆಗೆ ಇಂದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳೇ ಆಧಾರ. ಭಾಲ್ಕಿಯ ವಿದ್ಯಾರ್ಥಿಯೂ ಔರಾದಿನ ರೈತನೂ ಜಿಲ್ಲಾ ಕೇಂದ್ರವನ್ನು ಸೇರುವುದು ಇವುಗಳಿಂದಲೇ. ಬಸ್ಸು ಹೊರಟುಹೋದ ಮೇಲೆ ನಿಲ್ದಾಣದಲ್ಲಿ ಉಳಿಯುವ ಹೊಗೆ ಮಾತ್ರ ಯಾರ ಪಾಲಿನದು?

ಡೀಸೆಲ್ ಸರಿಯಾಗಿ ಉರಿಯದಿದ್ದಾಗ ಏಳುವ ಮಸಿಯ ಕಣಗಳು ತಲೆಗೂದಲಿನ ಎಳೆಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದವು. ಮೂಗು ಗಂಟಲುಗಳು ತಡೆಯಲಾರದ ಈ ಕಣಗಳು ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಸಾರಿತು. ಪ್ರಯಾಣಿಕನಿಗೆ ಇದು ಕೆಲವು ನಿಮಿಷಗಳ ಮಾತು. ನಿಲ್ದಾಣದಲ್ಲಿ ದಿನವಿಡೀ ಹಣ್ಣು ಮಾರುವವಳಿಗೆ ಇಡೀ ಬಾಳಿನ ಮಾತು.

ಪರಿಹಾರದ ಹಾದಿಗಳು ಎರಡು. ಮೊದಲನೆಯದು ಡೀಸೆಲ್ಲನ್ನೇ ಶುದ್ಧಗೊಳಿಸುವುದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಗೆ ಬಂದ ‘ಭಾರತ್ ಸ್ಟೇಜ್ 6’ ನಿಯಮದಂತೆ, ಹತ್ತು ಲಕ್ಷ ಭಾಗ ಡೀಸೆಲ್ಲಿನಲ್ಲಿ 50 ಭಾಗವಿರಬಹುದಾಗಿದ್ದ ಗಂಧಕ 10 ಭಾಗಕ್ಕಿಳಿಯಿತು. ಹೊಸ ಬಸ್ಸುಗಳಲ್ಲಿ ಮಸಿಯನ್ನು ಶೋಧಕವೊಂದು ಹಿಡಿದಿಡುತ್ತದೆ. ಯೂರಿಯಾ ದ್ರಾವಣವು ವಿಷಾನಿಲವನ್ನು ಸಾರಜನಕ ಹಾಗೂ ನೀರಾವಿಯಾಗಿ ಮಾರ್ಪಡಿಸುತ್ತದೆ. ಸಕಾಲದ ದುರಸ್ತಿಯಿಲ್ಲದೆ ಇವಾವುವೂ ಫಲಿಸವು.

ಎರಡನೆಯದು ವಿದ್ಯುತ್ ಬಸ್ಸು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ 2014ರಲ್ಲಿ ಇದನ್ನು ಪ್ರಯೋಗಾರ್ಥವಾಗಿ ಓಡಿಸಿ, 2021ರ ಡಿಸೆಂಬರಿನಿಂದ ನಿತ್ಯದ ಸೇವೆಗೆ ಇಳಿಸಿತು. ಇದಕ್ಕೆ ಹೊಗೆಕೊಳವೆಯೇ ಇಲ್ಲ, ಸದ್ದೂ ಕಡಿಮೆ. ಬ್ರೇಕು ಒತ್ತಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದಂಶ ಬ್ಯಾಟರಿಗೆ ಮರಳುತ್ತದೆ. ಟೈರು ಸವೆದು ಏಳುವ ಧೂಳು ಮಾತ್ರ ಇದರಿಂದಲೂ ತಪ್ಪದು.

ಆದರೆ ಆ ವಿದ್ಯುತ್ತು ಬರುವುದೆಲ್ಲಿಂದ? ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲನ್ನು ಸುಟ್ಟು ಪಡೆದದ್ದಾದರೆ, ಬೀದರಿನ ಬೀದಿಯಿಂದ ತೊಲಗಿದ ಹೊಗೆ ನೆರೆಮನೆಯವರ ಅಂಗಳದಲ್ಲಿ ಏಳುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಂತಹ ಮೂಲದಿಂದ ಬಂದರೆ ಎರಡೂ ಊರುಗಳಿಗೆ ಕ್ಷೇಮ. ಬಸ್ಸಿನ ಸುಧಾರಣೆಯೂ ವಿದ್ಯುತ್ತಿನ ಸುಧಾರಣೆಯೂ ಜೊತೆಯಾಗಿಯೇ ನಡೆಯಬೇಕೆಂಬುದು ಇದರಿಂದ ಸ್ಪಷ್ಟ.

ಬೀದರಿನಿಂದ ಭಾಲ್ಕಿಯೂ ಔರಾದೂ ನಲವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿವೆ. ಒಮ್ಮೆ ಚಾರ್ಜು ಮಾಡಿದರೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಓಡಬಲ್ಲ ಬಸ್ಸುಗಳಿಗೆ ಹೋಗಿಬರುವ ಈ ಹಾದಿ ದೂರವಲ್ಲ. ಮಹಾನಗರದ ಶ್ವಾಸಕೋಶಕ್ಕೊಂದು ಬೆಲೆ, ಗಡಿನಾಡಿನ ಶ್ವಾಸಕೋಶಕ್ಕೊಂದು ಬೆಲೆ ಎಂಬ ಭೇದವನ್ನು ಯಾವ ಶಾಸ್ತ್ರವೂ ಒಪ್ಪುವುದಿಲ್ಲ. ಸಾರಿಗೆಯ ಯೋಜನೆಗಳೂ ಒಪ್ಪಬಾರದು.