ಕ್ರಿಸ್ಮಸ್ ಚಿತ್ರಪುಸ್ತಕ: ನಮಗೆ ಇಂಗ್ಲಿಷ್ ಬರಲ್ಲ ಅಂತ ಮಗುವಿಗೆ ಓದಿ ಹೇಳದೆ ಬಿಡಬೇಡಿ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಪೇಟೆಯ ಫ್ಯಾನ್ಸಿ ಸ್ಟೋರ್, ಸ್ಟೇಷನರಿ ಅಂಗಡಿಗಳ ಮುಂದೆ ಕೆಂಪು ಟೋಪಿ, ನಕ್ಷತ್ರ, ಹತ್ತಿಯ ಗಡ್ಡ ನೇತಾಡೋಕೆ ಶುರು. ಚರ್ಚ್‌ಗೆ ಹೋಗುವ ಮನೆಯವರು ಮಾತ್ರ ಅಲ್ಲ, ಎಲ್‌ಕೆಜಿ, ಯುಕೆಜಿ ಮಕ್ಕಳಿರುವ ಎಲ್ಲರೂ ಕೊಳ್ಳುತ್ತಾರೆ. ಶಾಲೆಯಲ್ಲಿ ಪ್ರೋಗ್ರಾಂ ಇದೆ, ಟೋಪಿ ಬೇಕೇ ಬೇಕು. ಆ ಟೋಪಿ ಒಂದು ದಿನದ ಮಾತು. ಅದರ ಜೊತೆ ಒಂದು ಕ್ರಿಸ್ಮಸ್ ಚಿತ್ರಪುಸ್ತಕ ತಂದರೆ ಮಗು ವರ್ಷವಿಡೀ ತಿರುವಿ ಹಾಕುತ್ತದೆ. ಆದರೆ ಹೆಚ್ಚಿನವರು ಹಿಂಜರಿಯುವುದು ಇಲ್ಲೇ. "ಎಲ್ಲಾ ಇಂಗ್ಲಿಷಲ್ಲಿದೆ, ನಮಗೆ ಸರಿಯಾಗಿ ಓದೋಕ್ ಬರಲ್ಲ, ಸ್ಕೂಲಲ್ಲಿ ಮಿಸ್ಸೇ ಓದಿಸ್ಲಿ ಬಿಡಿ" ಅನ್ನುತ್ತಾರೆ.

ಹಾಗೆ ಬಿಡಬೇಕಾದ್ದೇ ಇಲ್ಲ. ಎರಡರಿಂದ ಆರು ವರ್ಷದ ಮಗು ಪುಸ್ತಕದಲ್ಲಿ ಮೊದಲು ನೋಡುವುದು ಚಿತ್ರ. ಆ ಚಿತ್ರದ ಬಗ್ಗೆ ಮನೆಯವರು ಆಡುವ ಮಾತು ಯಾವ ಭಾಷೆಯದಾದರೂ ನಡೆಯುತ್ತದೆ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಎರಡು ವರ್ಷದ ಆಸುಪಾಸಿನ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ಪರೀಕ್ಷೆ ಮಾಡಿತ್ತು. ಒಂದು ಗುಂಪಿನ ಪೋಷಕರು ಎಂದಿನಂತೆ ಪುಸ್ತಕ ಓದಿದರು. ಇನ್ನೊಂದು ಗುಂಪಿನವರು ನಡುನಡುವೆ ನಿಲ್ಲಿಸಿ "ಇವನು ಏನು ಮಾಡ್ತಿದ್ದಾನೆ?" ಎಂಬಂಥ ಪ್ರಶ್ನೆ ಕೇಳಿ, ಮಗು ಹೇಳಿದ ಮಾತಿಗೆ ಇನ್ನೆರಡು ಮಾತು ಸೇರಿಸಿದರು. ತಿಂಗಳ ಕೊನೆಗೆ ಎರಡನೇ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದಿದ್ದರು. ಹೀಗೆ ಕೇಳೋದಕ್ಕೆ ಇಂಗ್ಲಿಷ್ ಬೇಕಾಗಿಲ್ಲ, ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟರೆ ಸಾಕು.

ಒಂದಕ್ಷರವೂ ಇಲ್ಲದ ಪುಸ್ತಕ

ಭಾಷೆಯ ಭಯ ಇರುವವರು 'ದಿ ಸ್ನೋಮ್ಯಾನ್' ಪುಸ್ತಕದಿಂದ ಶುರು ಮಾಡಲಿ. ಬ್ರಿಟನ್ನಿನ ಚಿತ್ರಕಾರ ರೇಮಂಡ್ ಬ್ರಿಗ್ಸ್ 1978ರಲ್ಲಿ ತಂದದ್ದು. ಒಳಗೆ ಕತೆ ಹೇಳುವ ಅಕ್ಷರವೇ ಇಲ್ಲ, ಪೂರ್ತಿ ಬಣ್ಣದ ಪೆನ್ಸಿಲ್ಲಿನ ಚಿತ್ರ. ಹುಡುಗನೊಬ್ಬ ಹಿಮದಲ್ಲಿ ಬೊಂಬೆ ಮಾಡುತ್ತಾನೆ, ರಾತ್ರಿ ಬೊಂಬೆಗೆ ಜೀವ ಬರುತ್ತದೆ. ಹುಡುಗ ಅದನ್ನು ಮನೆಯೊಳಗೆ ಕರೆದುಕೊಂಡು ಹೋಗಿ ಲೈಟು, ಒಲೆ, ಫ್ರಿಡ್ಜು ಎಲ್ಲ ತೋರಿಸುತ್ತಾನೆ. ಆಮೇಲೆ ಇಬ್ಬರೂ ಕೈ ಹಿಡಿದು ಆಕಾಶದಲ್ಲಿ ಹಾರುತ್ತಾರೆ. ಈ ಪುಸ್ತಕವನ್ನು ಅಜ್ಜಿಯೂ 'ಓದಬಹುದು'. ಸಹಿ ಹಾಕೋಕೂ ಬಾರದ ಅಜ್ಜಿ ಇದ್ದರೆ ಇನ್ನೂ ಒಳ್ಳೇದು, ಕತೆ ಕಟ್ಟುವುದರಲ್ಲಿ ಅವರೇ ನಮಗಿಂತ ಮುಂದೆ.

ಒಂದು ತಮಾಷೆ ಗೊತ್ತಾ? ಈ ಪುಸ್ತಕದಲ್ಲಿ ಕ್ರಿಸ್ಮಸ್ಸೇ ಇಲ್ಲ. ಸಾಂಟಾನೂ ಇಲ್ಲ. 1982ರಲ್ಲಿ ಇದನ್ನು ಟಿವಿಗೆ ಕಾರ್ಟೂನ್ ಮಾಡುವಾಗ ಸಾಂಟಾನನ್ನು ಸೇರಿಸಿದರು. ಅಲ್ಲಿಂದ ಪುಸ್ತಕವೂ ಕ್ರಿಸ್ಮಸ್ ಸಾಲಿಗೆ ಸೇರಿಹೋಯಿತು.

ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಕೊನೆಯಲ್ಲಿ ಬೆಳಗಾಗುತ್ತದೆ, ಹುಡುಗ ಓಡಿ ಬಂದು ನೋಡಿದರೆ ಬೊಂಬೆ ಕರಗಿ ಹೋಗಿದೆ. ಟೋಪಿ, ಸ್ಕಾರ್ಫ್ ಅಷ್ಟೇ ಉಳಿದಿದೆ. ಕೆಲವು ಮಕ್ಕಳು ಇಲ್ಲಿ ಅತ್ತುಬಿಡುತ್ತವೆ. ಆ ಪುಟ ಮುಚ್ಚಿಡಬೇಡಿ, "ಇಲ್ಲ ಇಲ್ಲ, ನಾಳೆ ಬರ್ತಾನೆ" ಅಂತ ಸುಳ್ಳೂ ಹೇಳಬೇಡಿ. ಹಳೇ ಫ್ರಿಡ್ಜಿನ ಫ್ರೀಜರ್ ಗೋಡೆಗೆ ಅಂಟಿದ ಬಿಳಿ ಪುಡಿಯನ್ನು ಒಂದು ತಟ್ಟೆಗೆ ಕೆರೆದು ಕೊಡಿ. ಹಿಮ ಅಂದರೆ ಏನೆಂದು ಕಂಡೇ ಇಲ್ಲದ ನಮ್ಮ ಮಕ್ಕಳಿಗೆ ಅದು ಮುಟ್ಟಿದ ತಕ್ಷಣ ಗೊತ್ತಾಗುತ್ತದೆ, ಐದು ನಿಮಿಷದಲ್ಲಿ ಯಾಕೆ ಕರಗಿತು ಅನ್ನುವುದೂ ಗೊತ್ತಾಗುತ್ತದೆ. ಅಳು ಬಂದರೆ ಬರಲಿ. ಮತ್ತೆ ಮೊದಲ ಪುಟ ತೆಗೆದರೆ ಬೊಂಬೆ ಅಲ್ಲೇ ಇರುತ್ತಾನಲ್ಲ.

ಗೊಣಗುವ ಸಾಂಟಾ, ಊರೆಲ್ಲ ಅಲೆಯುವ ಕಡ್ಡಿ

ಇದೇ ಬ್ರಿಗ್ಸ್ 1973ರಲ್ಲಿ ಮಾಡಿದ 'ಫಾದರ್ ಕ್ರಿಸ್ಮಸ್' ಅಂಗಡಿಯವರಿಗೆ ಇಷ್ಟವಾಗುವಂಥದ್ದು. ಇಲ್ಲಿನ ಸಾಂಟಾ ಹೊಹೊ ಎಂದು ನಗುವವನಲ್ಲ, ಚಳಿಯಲ್ಲಿ ಡ್ಯೂಟಿಗೆ ಎದ್ದ ಮುದುಕ. ಎದ್ದ ಕೂಡಲೇ ಗೊಣಗುತ್ತಾನೆ, ಜಿಂಕೆಗಳಿಗೆ ಮೇವು ಹಾಕುತ್ತಾನೆ, ಮನೆ ಮನೆಗೆ ಸಾಮಾನು ತಲುಪಿಸಿ ವಾಪಸ್ ಬಂದು ಬಿಸಿನೀರು ಸ್ನಾನ ಮಾಡಿ ಊಟ ಮಾಡುತ್ತಾನೆ. ಬ್ರಿಗ್ಸ್ ಅವರ ತಂದೆ ಮನೆ ಮನೆಗೆ ಹಾಲು ಹಾಕುವ ಕೆಲಸದಲ್ಲಿದ್ದವರು. ನಸುಕಿನ ದುಡಿಮೆ ಎಂಥದ್ದೆಂದು ಮಗನಿಗೆ ಗೊತ್ತಿತ್ತು. ನಮ್ಮಲ್ಲಿ ಪೇಪರ್ ಹಾಕುವವರು, ಹಾಲಿನ ವ್ಯಾನಿನವರು ಇದ್ದಾರಲ್ಲ, ಅವರ ಹೆಸರು ಹಿಡಿದು ಹೇಳಿದರೆ ಮಗುವಿಗೆ ಬೇಗ ಹತ್ತಿರವಾಗುತ್ತದೆ. ಚೌಕ ಚೌಕದ ಚಿತ್ರಗಳಾದ್ದರಿಂದ ನಾಲ್ಕು ವರ್ಷ ದಾಟಿದವರಿಗೆ ಸರಿ.

ಮೂರು ವರ್ಷದವರಿಗಾದರೆ 'ಸ್ಟಿಕ್ ಮ್ಯಾನ್' (2008). ಬರೆದವರು ಜೂಲಿಯಾ ಡೊನಾಲ್ಡ್‌ಸನ್, ಚಿತ್ರ ಆಕ್ಸೆಲ್ ಶೆಫ್ಲರ್ ಅವರದು. ಮರದಲ್ಲಿ ಹೆಂಡತಿ, ಮೂರು ಮಕ್ಕಳೊಂದಿಗೆ ಇರುವ ಕಡ್ಡಿಮನುಷ್ಯನನ್ನು ನಾಯಿ ಕಚ್ಚಿಕೊಂಡು ಹೋಗುತ್ತದೆ. ಅಲ್ಲಿಂದ ನದಿ, ಹಂಸದ ಗೂಡು, ಕಡಲತೀರ, ಕೊನೆಗೆ ಒಲೆಯ ಸೌದೆ ರಾಶಿ. ಹೊಗೆಗೊಳವೆಯಲ್ಲಿ ಸಿಕ್ಕಿಬಿದ್ದ ಸಾಂಟಾನನ್ನು ಬಿಡಿಸಿದ ಮೇಲೆ ಸಾಂಟಾನೇ ಅವನನ್ನು ಮನೆ ಮುಟ್ಟಿಸುತ್ತಾನೆ. ಹೊಗೆಗೊಳವೆ ಅಂದರೆ ಏನೆಂದು ಮಗು ಕೇಳಿಯೇ ಕೇಳುತ್ತದೆ. ಸೌದೆ ಒಲೆಯ ಬೇಕರಿಯೋ ಹೆಂಚಿನ ಕಾರ್ಖಾನೆಯೋ ಹತ್ತಿರದಲ್ಲಿದ್ದರೆ ಒಮ್ಮೆ ತೋರಿಸಿಬಿಡಿ. ಇಂಗ್ಲಿಷಿನಲ್ಲಿ ಇದು ಪ್ರಾಸದ ಕತೆ. ಕನ್ನಡದಲ್ಲಿ ಹೇಳುವಾಗ ಆ ಪ್ರಾಸ ಹೋಗುತ್ತದೆ, ಹೋಗಲಿ. "ನಾನು ಕಡ್ಡಿ ಅಲ್ಲ ಕಣ್ರೀ!" ಅಂತ ಪ್ರತಿ ಪುಟದಲ್ಲೂ ನೀವೇ ಒಂದು ಮಾತು ಹಚ್ಚಿ. ಮೂರನೇ ದಿನಕ್ಕೆ ಮಗು ನಿಮಗಿಂತ ಮೊದಲೇ ಕೂಗುತ್ತದೆ.

ಜಾನೆಟ್, ಅಲನ್ ಆಲ್ಬರ್ಗ್ ದಂಪತಿಯ 'ದಿ ಜಾಲಿ ಕ್ರಿಸ್ಮಸ್ ಪೋಸ್ಟ್‌ಮ್ಯಾನ್' (1991) ಪುಸ್ತಕದ ಪುಟಗಳೇ ಲಕೋಟೆ. ಒಳಗಿನ ಕಾಗದ, ಆಟದ ಸಾಮಾನು ಹೊರಗೆ ತೆಗೆಯಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಲಕೋಟೆಗಳು ಖಾಲಿ ಇವೆಯಾ ಅಂತ ನೋಡಿಯೇ ದುಡ್ಡು ಕೊಡಿ. ಕ್ರಿಸ್ ವಾನ್ ಆಲ್ಸ್‌ಬರ್ಗ್ ಅವರ 'ದಿ ಪೋಲಾರ್ ಎಕ್ಸ್‌ಪ್ರೆಸ್' (1985) ಚೆಂದದ್ದೇ, ಆದರೆ ಬರಹ ಹೆಚ್ಚು. ಆರು ವರ್ಷ ಆಗುವ ತನಕ ತಡೆಯಿರಿ.

"ಸಾಂಟಾ ನಿಜಾನಾ?" ಎಂಬ ಪ್ರಶ್ನೆಯೂ ಬರುತ್ತದೆ. ಈಗಿನ ಟರ್ಕಿಯಲ್ಲಿದ್ದ ಮೈರಾ ಊರಿನಲ್ಲಿ 4ನೇ ಶತಮಾನದ ಹೊತ್ತಿಗೆ ಸಂತ ನಿಕೊಲಸ್ ಎಂಬ ಬಿಷಪ್ ಇದ್ದರು, ಅವರ ಹೆಸರಲ್ಲಿ ಬೆಳೆದ ಕತೆ ಇದು ಅಂತ ದೊಡ್ಡ ಮಕ್ಕಳಿಗೆ ಹೇಳಬಹುದು. ಚಿಕ್ಕವರಿಗೆ "ನಿಂಗೇನನ್ಸತ್ತೆ?" ಅಂದರೆ ಸಾಕು.

ಯೇಸು ಹುಟ್ಟಿದ ಕತೆಯ ಚಿತ್ರಪುಸ್ತಕಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಕುರುಬರು, ಜ್ಯೋತಿಷಿಗಳು ಒಟ್ಟಿಗೇ ನಿಂತಿರುತ್ತಾರೆ. ಬೈಬಲ್ಲಿನಲ್ಲಿ ಗೋದಲಿ, ಕುರುಬರು ಬರುವುದು ಲೂಕನ ಸುವಾರ್ತೆಯಲ್ಲಿ, ನಕ್ಷತ್ರ ನೋಡಿ ಬಂದವರು ಮತ್ತಾಯನದರಲ್ಲಿ. ಬಂದವರು ಮೂವರೇ ಅಂತ ಅಲ್ಲಿ ಬರೆದಿಲ್ಲ. ಪುಸ್ತಕ ಹಿಡಿದುಕೊಂಡೇ ಹತ್ತಿರದ ಚರ್ಚಿನ ಗೋದಲಿ ನೋಡೋಕೆ ಹೋಗಿ. ಪುಟದಲ್ಲಿರುವ ಕತ್ತೆ, ಹಸು, ಕುರಿಮರಿ ಅಲ್ಲಿ ಎಲ್ಲಿದೆ ಅಂತ ಹುಡುಕೋದೇ ಒಂದು ಆಟ.

ಅಂಗಡಿಯವರ ಗಮನಕ್ಕೆ

ಎರಡು ವರ್ಷದೊಳಗಿನ ಮಗುವಿಗೆ ದಪ್ಪ ರಟ್ಟಿನ ಬೋರ್ಡ್ ಬುಕ್ಕೇ ಆಗಬೇಕು. ತೆಳು ಹಾಳೆ ಒಂದು ದಿನ ಬಾಳಲ್ಲ. ರಾಡ್ ಕ್ಯಾಂಪ್‌ಬೆಲ್ ಅವರ 'ಡಿಯರ್ ಸಾಂಟಾ'ದಂತೆ ಮುಚ್ಚಳ ಎತ್ತಿ ನೋಡುವ ಪುಸ್ತಕಗಳನ್ನು ಕೌಂಟರ್ ಮೇಲೆ ಒಂದು ಪ್ರತಿ ಬಿಚ್ಚಿಡಿ. ಪ್ಲಾಸ್ಟಿಕ್ ಸುತ್ತಿದ್ದರೆ ಯಾರೂ ಕೇಳಲ್ಲ. ಮಕ್ಕಳ ಚಿತ್ರಪುಸ್ತಕ, ಬಣ್ಣ ತುಂಬುವ ಪುಸ್ತಕಗಳು ಎಚ್‌ಎಸ್‌ಎನ್ 4903ರಲ್ಲಿ ಬರುತ್ತವೆ, ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಟೋಪಿ, ಗಡ್ಡದ ಜೊತೆ ಸೇರಿಸಿ ತೆರಿಗೆ ಹಾಕಬೇಡಿ.

ಇಂಗ್ಲಿಷ್ ಪುಸ್ತಕದ ರೇಟು ಜಾಸ್ತಿ ಆಯ್ತು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಓದುವ ಮಟ್ಟಕ್ಕೆ ತಕ್ಕಂತೆ 1ರಿಂದ 4ರವರೆಗೆ ಹಂತ ಹಾಕಿದ್ದಾರೆ. ಶುರುವಿನವರಿಗೆ 1ನೇ ಹಂತ. ಅಲ್ಲಿನ ಹೆಚ್ಚಿನ ಪುಸ್ತಕಗಳ ಪರವಾನಗಿ ಎಂಥದ್ದೆಂದರೆ ಲೇಖಕರ, ಚಿತ್ರಕಾರರ, ಪ್ರಕಾಶಕರ ಹೆಸರು ಮತ್ತು ಪರವಾನಗಿಯ ವಿವರ ಇರುವ ಪುಟ ತೆಗೆಯದೆ ಯಾರು ಬೇಕಾದರೂ ಮುದ್ರಿಸಬಹುದು, ಮಾರಲೂಬಹುದು. ಜೆರಾಕ್ಸ್ ಅಂಗಡಿಯವರು ಕಲರ್ ಪ್ರಿಂಟ್ ತೆಗೆದು ಪಿನ್ ಹೊಡೆದು ಕೊಟ್ಟರೆ ಅದು ಕಳ್ಳ ಪ್ರತಿ ಆಗಲ್ಲ. ಮುದ್ರಿಸುವ ಮುನ್ನ ಆ ಪುಸ್ತಕದ ಕೊನೆಯ ಪುಟದಲ್ಲಿ ಪರವಾನಗಿ ಏನಿದೆ ಅಂತ ಒಮ್ಮೆ ಓದಿಕೊಳ್ಳಿ. ಮೇಲೆ ಹೇಳಿದ ಬ್ರಿಗ್ಸ್, ಡೊನಾಲ್ಡ್‌ಸನ್ ಪುಸ್ತಕಗಳಿಗೆ ಇದು ನಡೆಯಲ್ಲ, ಅವನ್ನು ಕೊಂಡೇ ಓದಬೇಕು.

ಕೊಳ್ಳೋದೇ ಬೇಡ ಅನ್ನುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಅಣ್ಣನೋ ಅಕ್ಕನೋ ಮೂರನೇ ಕ್ಲಾಸಿನಲ್ಲಿದ್ದರೆ ಅವರ ಹೆಸರಿಗೇ ಕಾರ್ಡು ಮಾಡಿಸಿ, ಮನೆಯ ಚಿಕ್ಕದಕ್ಕೆ ಅವರೇ ಓದಿ ಹೇಳಲಿ.