ನಿಮಗಿದು ಗೊತ್ತೆ?: ನೆಡದೆಯೇ ಬೆಳೆವ ಕಾಡು

ಶಿರಸಿ ಸೀಮೆಯ ಹುಲೇಕಲ್ ಸುತ್ತಿನ ಅಡಕೆ ತೋಟಗಳಿಗೆ ಸೊಪ್ಪನ್ನೂ ದರಕನ್ನೂ (ಉದುರಿದ ಒಣ ಎಲೆ) ಒದಗಿಸುವುದಕ್ಕಾಗಿ, ಎಕರೆ ತೋಟಕ್ಕೆ 9 ಎಕರೆಯವರೆಗೆ ಎಂಬ ಲೆಕ್ಕದಲ್ಲಿ ಆಂಗ್ಲರ ಆಳಿಕೆಯ ಕಾಲದಿಂದ ವಿಹಿತವಾಗಿ ಬಂದಿರುವ ಸೊಪ್ಪಿನ ಬೆಟ್ಟಗಳು, ಅತಿಯಾದ ಕಡಿತದಿಂದಲೂ ಬೇಸಗೆಯ ಬೆಂಕಿಯಿಂದಲೂ ಬೋಳಾಗಿ ತೋರಿದರೂ ನಿರ್ಜೀವವಾದುವಲ್ಲ. ಮತ್ತಿ, ಹೊನ್ನೆ ಮೊದಲಾದ ವೃಕ್ಷಗಳ ಬೊಡ್ಡೆಗಳು ನೆಲದಲ್ಲಿ ಸಜೀವವಾಗಿರುವಲ್ಲಿ, ಅಗಳ ತೋಡಿ ದನಗಳನ್ನು ತಡೆದು, ಬೆಂಕಿಯನ್ನು ದೂರವಿರಿಸಿ, ಕೆಲವು ಮಳೆಗಾಲ ಸುಮ್ಮನಿದ್ದರೆ (ಸುಮ್ಮನಿರುವುದೇ ಮನುಷ್ಯನಿಗೆ ದುಸ್ಸಾಧ್ಯ!) ಚಿಗುರುಗಳು ತಾವಾಗಿಯೇ ಏಳುವುವು; ಹಕ್ಕಿ, ಬಾವಲಿಗಳು ಉದುರಿಸಿದ ಬೀಜಗಳು ಆ ನೆರಳಿನಲ್ಲಿ ಮೊಳೆಯುವುವು. 1983ರ ಸೆಪ್ಟೆಂಬರ್ 8ರಂದು ಇದೇ ಶಿರಸಿ ತಾಲೂಕಿನ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ಮರಗಳನ್ನಪ್ಪಿ ಕೊಡಲಿಯನ್ನು ತಡೆದ ಅಪ್ಪಿಕೋ ಚಳವಳಿಯು, ಇಂಥ ಸಹಜ ಕಾಡಿನ ಬದಲು ಬೆಳೆಸುವ ಏಕಜಾತಿಯ ನೆಡುತೋಪುಗಳನ್ನು ವಿರೋಧಿಸಿ, ಉಳಿಸುವುದರೊಡನೆ ಬೆಳೆಸುವುದನ್ನೂ ಬಳಸುವುದನ್ನೂ ಧ್ಯೇಯವಾಗಿರಿಸಿಕೊಂಡಿತು.